‘ನಮ್ಮದು ಸೊನ್ನೆ ಅಲ್ವಾ ಸಾರ್?’

ಕಂಪನಿಗಳ ಇಂಗಾಲದ ಲೆಕ್ಕ ಪರಿಶೀಲಿಸುವುದು ನನ್ನ ಕೆಲಸ. ಪ್ರತಿ ವರ್ಷ, ಬೇರೆ ಬೇರೆ ಬಾಯಿಂದ, ಒಂದೇ ಪ್ರಶ್ನೆ ಕೇಳುತ್ತೇನೆ. “ಬಳಸಿದ ಅಷ್ಟೂ ಕರೆಂಟಿಗೆ ಗ್ರೀನ್ ಸರ್ಟಿಫಿಕೇಟ್, ಅಂದರೆ ಅಷ್ಟು ಯೂನಿಟ್ ಹಸಿರು ವಿದ್ಯುತ್ ಎಲ್ಲೋ ತಯಾರಾಗಿದೆ ಎನ್ನುವ ಪತ್ರ, ಕೊಂಡಿದ್ದೇವೆ. ಅಂದ ಮೇಲೆ ನಮ್ಮದು ಸೊನ್ನೆ ಅಲ್ವಾ ಸಾರ್? ಗೂಗಲ್ ಕೂಡ ಹಾಗೇ ಹೇಳುತ್ತಲ್ಲ?”

ಗೂಗಲ್ ಹಾಗೆ ಹೇಳುವುದಿಲ್ಲ. ಅದರ ವರದಿಯನ್ನು ಕೊನೆಯ ಕೋಷ್ಟಕದವರೆಗೂ ಓದಿದವರು ಯಾರೂ ಈ ಮಾತು ಆಡುವುದಿಲ್ಲ.

2017ರಿಂದ ಆ ಕಂಪನಿ ವರ್ಷವಿಡೀ ಬಳಸಿದಷ್ಟೇ ಪ್ರಮಾಣದ ಸೌರ, ಪವನ ವಿದ್ಯುತ್ತನ್ನು ಖರೀದಿ ಮಾಡುತ್ತಿದೆ. ಅಂದರೆ ಶೇ 100. ಅದೇ ಕಂಪನಿ 2023ಕ್ಕೆ ಇನ್ನೊಂದು ಅಂಕಿಯನ್ನೂ ಕೊಟ್ಟಿದೆ: ಶೇ 64. ಎರಡರಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದು ವರ್ಷದ ಲೆಕ್ಕ, ಎರಡನೆಯದು ಬಳಸಿದ ಕರೆಂಟಿನಲ್ಲಿ ಇಂಗಾಲವಿಲ್ಲದ್ದು ಎಷ್ಟು ಎನ್ನುವ ಗಂಟೆಗಂಟೆಯ ಲೆಕ್ಕ.

ಇದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಇನ್ನೊಂದು ಸಲ ಹೇಳುತ್ತೇನೆ. ಸರ್ವರ್ ರಾತ್ರಿ ಎರಡು ಗಂಟೆಗೂ ಓಡುತ್ತಿರುತ್ತದೆ. ಆಗ ಬಿಸಿಲಿಲ್ಲ. ಗಾಳಿಯೂ ಬಿದ್ದುಹೋಗಿದ್ದರೆ ಗ್ರಿಡ್ಡಿಗೆ ಆ ಕರೆಂಟು ಕಲ್ಲಿದ್ದಲಿನಿಂದಲೋ ಗ್ಯಾಸಿನಿಂದಲೋ ಬರಬೇಕಾಗುತ್ತದೆ. ಹೊಗೆ ಆಗಲೇ ಎದ್ದಾಯಿತು. ಮಾರನೇ ಮಧ್ಯಾಹ್ನ ಎಲ್ಲೋ ಒಂದು ಸೋಲಾರ್ ಘಟಕ ಬೇಕಾದ್ದಕ್ಕಿಂತ ಜಾಸ್ತಿ ವಿದ್ಯುತ್ ಕೊಟ್ಟರೆ, ಅದನ್ನು ನೀವು ರಾತ್ರಿಯ ಖಾತೆಗೆ ಜಮಾ ಮಾಡುತ್ತೀರಿ. ಪುಸ್ತಕದಲ್ಲಿ ಸೊನ್ನೆ ಬರುತ್ತದೆ. ಎದ್ದ ಹೊಗೆ ಚಿಮಣಿಗೆ ವಾಪಸ್ ಹೋಗುವುದಿಲ್ಲ.

ಹಾಗಂತ ಸರ್ಟಿಫಿಕೇಟೆಲ್ಲ ಮೋಸ ಎಂದು ನಾನು ಹೇಳಿದೆ ಅಂತ ಯಾರೂ ಬರೆದುಕೊಳ್ಳಬೇಡಿ. ನಿಮ್ಮ ದೀರ್ಘಾವಧಿ ಒಪ್ಪಂದದ ಬಲದಿಂದ ಹೊಸ ಪವನ ವಿದ್ಯುತ್ ಘಟಕವೊಂದು ಎದ್ದಿದ್ದರೆ ಅದು ದೊಡ್ಡ ಕೆಲಸ. ಯಾವತ್ತೋ ಕಟ್ಟಿದ ಅಣೆಕಟ್ಟಿನ ಸರ್ಟಿಫಿಕೇಟನ್ನು ವರ್ಷದ ಕೊನೇ ವಾರ ಅಗ್ಗಕ್ಕೆ ಕೊಂಡಿದ್ದರೆ, ಸುಮ್ನೆ ಕಾಗದ. ನಿಮ್ಮದು ಇವೆರಡರಲ್ಲಿ ಯಾವುದು ಎನ್ನುವುದನ್ನು ಒಪ್ಪಂದ ನೋಡದೆ ನಾನು ಹೇಳಲಾರೆ.

ಇದಕ್ಕೇ ಜಿಎಚ್‌ಜಿ ಪ್ರೋಟೋಕಾಲ್, ಅಂದರೆ ಕಂಪನಿಗಳು ಹೊಗೆಯ ಲೆಕ್ಕ ಹೇಗೆ ಬರೆಯಬೇಕು ಎನ್ನುವ ಜಾಗತಿಕ ಮಾನದಂಡ, 2015ರಲ್ಲಿ ಒಂದು ನಿಯಮ ತಂದಿತು. ಕೊಂಡ ವಿದ್ಯುತ್ತಿಗೆ, ಅಂದರೆ ಸ್ಕೋಪ್ 2ಕ್ಕೆ, ಎರಡು ಅಂಕಿ ಕೊಡಬೇಕು. ನೀವಿರುವ ಕಡೆಯ ಗ್ರಿಡ್ ನಿಜಕ್ಕೂ ಎಷ್ಟು ಕೊಳಕು ಎನ್ನುವುದನ್ನು ಹಿಡಿದು ಒಂದು, ನೀವು ಮಾಡಿದ ಖರೀದಿಯನ್ನು ಹಿಡಿದು ಇನ್ನೊಂದು. ಗೂಗಲ್‌ನ 2023ರ ಸ್ಕೋಪ್ 2 ಖರೀದಿ ಲೆಕ್ಕದಲ್ಲಿ ಸುಮಾರು 34 ಲಕ್ಷ ಟನ್. ಗ್ರಿಡ್ ಲೆಕ್ಕದಲ್ಲಿ 90 ಲಕ್ಷ ದಾಟುತ್ತದೆ. ಅದೇ ಕಟ್ಟಡ, ಅದೇ ಮೀಟರು.

ಒಮ್ಮೆ ಒಬ್ಬ ಹುಡುಗ ವರದಿಯ ಕರಡು ತಂದ. ಪಾಪ, ಮೂರು ವರ್ಷದ ಕರೆಂಟ್ ಬಿಲ್ಲನ್ನು ಒಬ್ಬನೇ ಕೂತು ಟೈಪ್ ಮಾಡಿದ್ದ. ಸೊನ್ನೆ ಅರ್ಧ ಪುಟದಷ್ಟು ದೊಡ್ಡದಾಗಿ, ಹಸಿರು ಬಣ್ಣದಲ್ಲಿತ್ತು. ಎರಡನೇ ಅಂಕಿ ಎಲ್ಲಿ ಎಂದೆ. ಅಡಿಟಿಪ್ಪಣಿಗೆ ಬೆರಳಿಟ್ಟ. ತಿಳಿ ಬೂದು ಬಣ್ಣ, ಇರುವೆ ಸಾಲಿನಂಥ ಅಕ್ಷರ. “ಡಿಸೈನ್‌ನವರು ಮಾಡಿದ್ದು ಸಾರ್” ಎಂದ. ಆಮೇಲೆ ಅವನಿಗೇ ನಗು ಬಂತು.

ದೊಡ್ಡವರು ಈ ವಿಷಯದಲ್ಲಿ ಈಗ ವಾಸಿ. ಗೂಗಲ್‌ನ ಒಟ್ಟು ಹೊರಸೂಸುವಿಕೆ 2023ರಲ್ಲಿ 1.43 ಕೋಟಿ ಟನ್, 2019ಕ್ಕಿಂತ ಶೇ 48 ಜಾಸ್ತಿ. ಅದನ್ನು ಅವರೇ ಅಚ್ಚು ಹಾಕಿದ್ದಾರೆ. 2030ಕ್ಕೆ ಇಂಗಾಲವನ್ನು ‘ಮೈನಸ್’ ಮಾಡುತ್ತೇವೆ, ಅಂದರೆ ಬಿಡುವುದಕ್ಕಿಂತ ಹೆಚ್ಚು ತೆಗೆಯುತ್ತೇವೆ ಎಂದು 2020ರಲ್ಲಿ ಮಾತು ಕೊಟ್ಟ ಮೈಕ್ರೋಸಾಫ್ಟ್‌ನ ಹೊರಸೂಸುವಿಕೆ ಮೂರೇ ವರ್ಷದಲ್ಲಿ ಶೇ 29ರಷ್ಟು ಏರಿತು. ಅದರ ಲೆಕ್ಕದಲ್ಲಿ ಶೇ 96ಕ್ಕೂ ಹೆಚ್ಚು ಪಾಲು ಸ್ಕೋಪ್ 3, ಅಂದರೆ ಬೇರೆಯವರಿಂದ ಕೊಂಡ ಸಾಮಾನು, ಸೇವೆಗಳ ಹಿಂದಿರುವ ಹೊಗೆ: ಡೇಟಾ ಸೆಂಟರಿನ ಸಿಮೆಂಟು, ಉಕ್ಕು, ಚಿಪ್ಪು ಇತ್ಯಾದಿ. ವಿದ್ಯುತ್ ಸರ್ಟಿಫಿಕೇಟು ಆ ಖಾನೆಯ ಹತ್ತಿರವೂ ಸುಳಿಯುವುದಿಲ್ಲ.

ಆ ಹುಡುಗ ಮೊನ್ನೆ ಫೋನ್ ಮಾಡಿದ್ದ. ಈ ಸಲ ಎರಡೂ ಅಂಕಿ ಒಂದೇ ಗಾತ್ರದಲ್ಲಿವೆಯಂತೆ.

“ಕ್ಲೌಡ್ ಬಿಲ್ಲು ಯಾವುದಕ್ಕೆ ಬರುತ್ತೆ ಸಾರ್?”

“ಸ್ಕೋಪ್ ಮೂರಕ್ಕೆ.”

“ಕ್ಲೌಡ್ ಕಂಪನಿಯವರು ಸೊನ್ನೆ ಅಂತ ಬರೆದು ಕಳಿಸಿದ್ದಾರೆ.”

ಯಾವ ಲೆಕ್ಕದ ಸೊನ್ನೆ ಅಂತ ಕೇಳಿ ನೋಡಿ ಎಂದೆ.