ವೆಲ್ಡಿಂಗ್ ಕಲಿಯಲು ಐಟಿಐಗೇ ಹೋಗಬೇಕೇ?

ಪ್ರಶ್ನೆ: ಮಗ ಈ ವರ್ಷ ಎಸ್‌ಎಸ್‌ಎಲ್‌ಸಿ. ಮುಂದೆ ವೆಲ್ಡಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ಪರಿಚಯದವರ ವರ್ಕ್‌ಶಾಪ್ ಬೈಕಂಪಾಡಿಯಲ್ಲೇ ಇರುವಾಗ ಐಟಿಐ ಏಕೆ?

ಉತ್ತರ: ಮೊದಲು ಐಟಿಐಗೇ ಕಳುಹಿಸಿ. ವರ್ಕ್‌ಶಾಪ್ ಆಮೇಲೆ.

ವರ್ಕ್‌ಶಾಪ್‌ನಲ್ಲಿ ಕೈ ಬೇಗ ಪಳಗುತ್ತದೆ, ನಿಜ. ಆದರೆ ಗೇಟು, ಗ್ರಿಲ್‌ಗಳ ಅವಸರದಲ್ಲಿ ಹೊಸ ಹುಡುಗನಿಗೆ ಕಾರಣ ವಿವರಿಸಲು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲವನ್ನೇ ತೆಗೆದುಕೊಳ್ಳಿ. ಬೆಸುಗೆಗೆ ಕರಗಿಸುವ ಕಡ್ಡಿಯ, ಅಂದರೆ ರಾಡ್‌ನ, ಮೇಲಿನ ಲೇಪ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಾಡ್‌ನ ತುದಿಯಲ್ಲಿ ಉರಿಯುವ ವಿದ್ಯುತ್ ಕಿಡಿಯ, ಅಂದರೆ ಆರ್ಕ್‌ನ, ಶಾಖಕ್ಕೆ ಆ ನೀರಿನಂಶ ಒಡೆದು, ಹೈಡ್ರೋಜನ್ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಬೆಸುಗೆಯಲ್ಲಿ ಸೂಜಿಮೊನೆಯಂಥ ರಂಧ್ರಗಳು ಉಳಿಯಬಹುದು. ದಪ್ಪ ಉಕ್ಕಾದರೆ ತಣಿದು ಗಂಟೆಗಳ ನಂತರವೂ ಒಳಗಿಂದ ಬಿರುಕು ಬಿಡಬಹುದು. 7018ರಂಥ ಕಡಿಮೆ ಹೈಡ್ರೋಜನ್ ನಮೂನೆಯ ರಾಡ್‌ಗಳನ್ನು ಓವನ್‌ನಲ್ಲಿ 300 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಒಣಗಿಸುವುದು ಈ ಕಾರಣಕ್ಕೆ. ಗ್ರಿಲ್‌ಗೆ ಇದು ದೊಡ್ಡ ಸಂಗತಿಯಲ್ಲ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟುವಂಥ ಹಡಗಿಗೆ ಇದೇ ಜೀವಾಳ.

ಕಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬರಿಗಣ್ಣಿನಲ್ಲಿ ಆರ್ಕ್ ನೋಡಿದ ಹೊತ್ತಿಗೆ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಕಳೆದು, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಸುರಿದಂತೆ ಉರಿ ಶುರುವಾಗುತ್ತದೆ. ನೇರಳಾತೀತ ಕಿರಣ ಕಾರ್ನಿಯಾವನ್ನು ಸುಟ್ಟಿರುತ್ತದೆ. ತಂಪು ಕನ್ನಡಕ ಇದಕ್ಕೆ ಸಾಲದು. ವೆಲ್ಡಿಂಗ್‌ಗೆಂದೇ ಮಾಡಿದ ಕಪ್ಪು ಗಾಜಿನ ಮುಖಕವಚ, ಅಂದರೆ ಶೀಲ್ಡ್, ಬೇಕು. ಸತು ಲೇಪಿತ ಶೀಟಿನ ಹೊಗೆ ಕುಡಿದರೆ ಚಳಿಜ್ವರವೂ ಬರುತ್ತದೆ. ಶೀಲ್ಡ್, ಕೈಗವಸು ಕೊಡದ ಜಾಗದಲ್ಲಿ ಮಗನನ್ನು ಒಂದು ದಿನವೂ ನಿಲ್ಲಿಸಬೇಡಿ.

ವೆಲ್ಡರ್ ಕೋರ್ಸ್ 1 ವರ್ಷದ್ದು. ಎಂಟನೆಯ ತರಗತಿ ಪಾಸಾಗಿದ್ದರೂ ಸೇರಬಹುದು. ಮಂಗಳೂರಿನ ಕದ್ರಿ ಹಿಲ್ಸ್‌ನಲ್ಲಿ ಸರ್ಕಾರಿ ಐಟಿಐ ಇದೆ. ಮುಂದೆ ಡಿಪ್ಲೊಮಾ ಮಾಡುವ ಆಸೆಯಿದ್ದರೆ ಮಾತ್ರ 2 ವರ್ಷದ ಫಿಟ್ಟರ್ ಕೋರ್ಸನ್ನು ಯೋಚಿಸಿ: ಎಸ್‌ಎಸ್‌ಎಲ್‌ಸಿ ನಂತರ ಅದನ್ನು ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿದೆ, ವೆಲ್ಡಿಂಗ್‌ನ ಪ್ರಾಥಮಿಕ ಪಾಠವೂ ಅದರಲ್ಲಿ ಸಿಗುತ್ತದೆ.

ಗಲ್ಫ್ ಕನಸಿದ್ದರೆ ಪ್ರಮಾಣಪತ್ರವೊಂದೇ ಸಾಲದು. ಪೈಪ್ ಕೆಲಸಕ್ಕೆ ಕಂಪನಿಗಳು 6ಜಿ ಎಂಬ ಬೆಸುಗೆ ಪರೀಕ್ಷೆ ಇಡುವುದುಂಟು. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ಅದನ್ನು ತಿರುಗಿಸದೆ ಸುತ್ತಲೂ ಬೆಸೆಯಬೇಕು. ಆಮೇಲೆ ಬೆಸುಗೆಯಿಂದ ಪಟ್ಟಿ ಕತ್ತರಿಸಿ, ಬಗ್ಗಿಸಿ, ಬಿರುಕು ಬಾಯಿಬಿಡುತ್ತದೆಯೇ ಎಂದು ನೋಡುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ನಿಮ್ಮ ಪರಿಚಯದವರಲ್ಲಿ ಪೈಪ್ ಕೆಲಸ ನಡೆಯುತ್ತದೆಯೇ ಎಂದು ಈಗಲೇ ಕೇಳಿಡಿ.