ಕೊಡುವ ಕೈ ಬೇರೆ, ಆರಿಸುವ ಕೈ ಬೇರೆ

ಸಂಜೆ ಐದಕ್ಕೆ ಜಾಹೀರಾತು ವಿಭಾಗದಿಂದ ನಮ್ಮ ಡೆಸ್ಕ್‌ಗೆ ಡಮ್ಮಿ ಬರುತ್ತದೆ. ನಾಳಿನ ಪತ್ರಿಕೆಯ ಪುಟಗಳ ನಕ್ಷೆ ಅದು. ಯಾವ ಪುಟದಲ್ಲಿ ಜಾಹೀರಾತಿಗೆ ಎಷ್ಟು ಹೋಯಿತು, ಸುದ್ದಿಗೆ ಎಷ್ಟು ಉಳಿಯಿತು ಅಂತ ಅದರಲ್ಲಿ ಗೆರೆ ಹಾಕಿರುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಾಗ ಸಾಲದು ಅಂತ ದಿನಾ ಜಗಳ ಆಗುತ್ತಿತ್ತು. ಮನೆ ಬಾಡಿಗೆಗಿದೆ, ಕೆಲಸ ಖಾಲಿ ಇದೆ, ಹಳೇ ಕಾರು ಮಾರಾಟಕ್ಕಿದೆ ಅನ್ನುವ ನಾಲ್ಕು ಸಾಲಿನ ವರ್ಗೀಕೃತ ಜಾಹೀರಾತುಗಳೇ ಪುಟಗಟ್ಟಲೆ ಇರುತ್ತಿದ್ದವು. ಈಗ ಜಾಗ ಬೇಕಾದಷ್ಟಿದೆ. ಅದನ್ನು ತುಂಬುವ ವರದಿಗಾರರು ಇಲ್ಲ.

ಪತ್ರಿಕೆ ನಡೆಯುವುದು ಓದುಗರು ಕೊಡುವ ದುಡ್ಡಿನಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬಹುತೇಕ ಕಡೆ ಹಾಗಿರಲಿಲ್ಲ. ಪುರಸಭೆಯ ಸಭೆಯಲ್ಲಿ ನಾಲ್ಕು ಗಂಟೆ ಕೂತು ಬರುವ ವರದಿಗಾರನ ಸಂಬಳ ಬರುತ್ತಿದ್ದುದು ಆ ಹಳೇ ಕಾರಿನ ಜಾಹೀರಾತಿನಿಂದ. ಕಾರು ಮಾರುವವನಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. 1995ರಲ್ಲಿ ಅಮೆರಿಕದಲ್ಲಿ ಕ್ರೇಗ್ಸ್‌ಲಿಸ್ಟ್ ಅನ್ನುವ ಆನ್‌ಲೈನ್ ಜಾಹೀರಾತು ಸೇವೆ ಶುರುವಾಯಿತು. ಅದೇ ನಾಲ್ಕು ಸಾಲು ಅಲ್ಲಿ ಪುಕ್ಕಟೆ ಹಾಕಬಹುದಾಯಿತು. ದೊಡ್ಡ ಜಾಹೀರಾತುಗಳನ್ನು ಆಮೇಲೆ ಗೂಗಲ್, ಫೇಸ್‌ಬುಕ್ ಎಳೆದುಕೊಂಡವು. 2005ರಲ್ಲಿ ಅಮೆರಿಕದ ಪತ್ರಿಕೆಗಳಿಗೆ ಜಾಹೀರಾತಿನಿಂದ ಸುಮಾರು 4,900 ಕೋಟಿ ಡಾಲರ್ ಬರುತ್ತಿತ್ತು. 2020ರ ಹೊತ್ತಿಗೆ ಅದು 900 ಕೋಟಿಗಿಂತ ಕೆಳಗೆ ಇಳಿಯಿತು. 2008ರಲ್ಲಿ ಅಲ್ಲಿನ ಪತ್ರಿಕೆಗಳ ಸುದ್ದಿಮನೆಗಳಲ್ಲಿ 71 ಸಾವಿರ ಜನ ಇದ್ದರು. ಹನ್ನೆರಡು ವರ್ಷಗಳಲ್ಲಿ ಅವರು 31 ಸಾವಿರಕ್ಕೆ ಬಂದರು.

ಓದುಗರೇ ಚಂದಾ ಕೊಟ್ಟು ಓದಲಿ ಅನ್ನುವವರಿದ್ದಾರೆ. ನನಗೂ ಅದೇ ಇಷ್ಟ. ಆದರೆ ಶ್ರೀಮಂತ ದೇಶಗಳಲ್ಲೇ ಆನ್‌ಲೈನ್ ಸುದ್ದಿಗೆ ದುಡ್ಡು ಕೊಡುವವರು ನೂರಕ್ಕೆ 17-18 ಜನ. ಅದರಲ್ಲೂ ದೊಡ್ಡ ಪಾಲು ಒಂದೆರಡು ದೊಡ್ಡ ಹೆಸರುಗಳಿಗೇ ಹೋಗುತ್ತದೆ. ಪುರಸಭೆಯ ಸುದ್ದಿಗಾಗಿ ಚಂದಾ ಕಟ್ಟುವವರು ಬೆರಳೆಣಿಕೆಯಷ್ಟು.

ಆ ಸುದ್ದಿ ಇಲ್ಲದಿದ್ದರೆ ಏನಾಗುತ್ತದೆ? ಕ್ಯಾಲಿಫೋರ್ನಿಯಾದಲ್ಲಿ ಬೆಲ್ ಅಂತ ಒಂದು ಪುಟ್ಟ ನಗರ ಇದೆ. ಜನಸಂಖ್ಯೆ 35 ಸಾವಿರದ ಆಸುಪಾಸು, ಹೆಚ್ಚಿನವರು ಕಡಿಮೆ ಸಂಬಳಕ್ಕೆ ದುಡಿಯುವವರು. ಅಲ್ಲಿನ ನಗರಾಡಳಿತದ ಮುಖ್ಯಸ್ಥ ರಾಬರ್ಟ್ ರಿಜ್ಜೊ ವರ್ಷಕ್ಕೆ 7 ಲಕ್ಷ 87 ಸಾವಿರ ಡಾಲರ್ ಸಂಬಳ ತೆಗೆದುಕೊಳ್ಳುತ್ತಿದ್ದರು. ಅಮೆರಿಕದ ಅಧ್ಯಕ್ಷರ ಸಂಬಳವೇ 4 ಲಕ್ಷ. ಅರೆಕಾಲಿಕ ಕೆಲಸದ ಕೌನ್ಸಿಲ್ ಸದಸ್ಯರೂ ಲಕ್ಷ ಡಾಲರ್‌ನ ಹತ್ತಿರ ತೆಗೆದುಕೊಳ್ಳುತ್ತಿದ್ದರು. ಇದು ವರ್ಷಗಟ್ಟಲೆ ನಡೆಯಿತು. ಸಭೆಗಳಿಗೆ ತಪ್ಪದೇ ಹೋಗುವ ವರದಿಗಾರ ಒಬ್ಬರೂ ಅಲ್ಲಿರಲಿಲ್ಲ. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಇಬ್ಬರು ವರದಿಗಾರರು ಪಕ್ಕದ ಮೇವುಡ್ ನಗರದ ಸುದ್ದಿಯ ಹಿಂದೆ ಬಿದ್ದಿದ್ದರು. ಅದನ್ನು ವಿಚಾರಿಸುವಾಗ ಬೆಲ್‌ನ ಸಂಬಳದ ಮಾತು ಕಿವಿಗೆ ಬಿತ್ತು. ಹೋಗಿ ದಾಖಲೆ ಕೇಳಿದರು. 2014ರಲ್ಲಿ ರಿಜ್ಜೊಗೆ 12 ವರ್ಷ ಜೈಲಾಯಿತು.

ಬೆಲ್‌ನ ಜನರಲ್ಲಿ ಆ ಪತ್ರಿಕೆ ಕೊಳ್ಳುತ್ತಿದ್ದವರು ಎಷ್ಟು ಮಂದಿಯೋ. ಕೊಳ್ಳದವರಿಗೂ ಲಾಭ ಅಷ್ಟೇ ಆಯಿತು. ನಮ್ಮ ಕಸುಬಿನ ಕಷ್ಟ ಇರುವುದು ಇಲ್ಲೇ. ಒಳ್ಳೆಯ ವರದಿಯ ಫಲ ಊರಿಗೆಲ್ಲ ಸಿಗುತ್ತದೆ, ಖರ್ಚು ಮಾತ್ರ ಒಂದು ಕಚೇರಿಯ ಮೇಲೆ ಬೀಳುತ್ತದೆ. ಪತ್ರಿಕೆ ಮುಚ್ಚಿದ ಮೇಲೆ ಆ ಭಾಗದ ಸ್ಥಳೀಯ ಸರ್ಕಾರಗಳು ಸಾಲಕ್ಕೆ ಕಟ್ಟುವ ಬಡ್ಡಿ ಸ್ವಲ್ಪ ಏರುವುದನ್ನು ಅಮೆರಿಕದ ಹಣಕಾಸು ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಆಡಳಿತದ ಮೇಲೆ ಕಣ್ಣಿಡುವವರು ಇಲ್ಲ ಅಂದರೆ ಸಾಲ ಕೊಡುವವನಿಗೂ ಭಯ. ರಸ್ತೆಗೆ, ಬೀದಿದೀಪಕ್ಕೆ ಎಲ್ಲರೂ ಸೇರಿ ತೆರಿಗೆ ಕಟ್ಟುತ್ತೇವಲ್ಲ, ಅದೇ ಕಾರಣಕ್ಕೆ ಇದಕ್ಕೂ ಸಾರ್ವಜನಿಕ ಹಣ ಬೇಕು ಅಂತ ನಾನು ಹೇಳುತ್ತೇನೆ.

ಸರ್ಕಾರದ ದುಡ್ಡು ತಿಂದ ಮೇಲೆ ಸರ್ಕಾರದ ವಿರುದ್ಧ ಬರೆಯುವುದುಂಟೇ ಅಂತ ನೀವು ಕೇಳಬಹುದು. ಈ ಭಯ ನನಗೂ ಇದೆ, ಅದೂ ಅನುಭವದಿಂದ ಬಂದಿದ್ದು. ನಾನು ಹಿಂದೆ ಇದ್ದ ಒಂದು ಪತ್ರಿಕೆಯಲ್ಲಿ ಸರ್ಕಾರಿ ಇಲಾಖೆಯೊಂದರ ಖರೀದಿ ಬಗ್ಗೆ ಸರಣಿ ವರದಿ ಹಾಕಿದೆವು. ವರದಿ ಮಾಡಿದ ಹುಡುಗಿ ನಾಲ್ಕು ತಿಂಗಳು ಬಿಲ್ಲುಗಳನ್ನು ತಾಳೆ ನೋಡಿದ್ದಳು. ಒಂದೇ ವಸ್ತುವಿಗೆ ಒಂದೇ ತಿಂಗಳಲ್ಲಿ ಎರಡು ದರ ಇರುವುದನ್ನು ಹಿಡಿದಿದ್ದಳು. ಮೂರನೇ ಕಂತು ಅಚ್ಚಾದ ವಾರ ಡಮ್ಮಿ ಬಂತು. ಪ್ರತಿ ಸೋಮವಾರ ಬರುತ್ತಿದ್ದ ಆ ಇಲಾಖೆಯ ಅರ್ಧ ಪುಟದ ಜಾಹೀರಾತು ಅದರಲ್ಲಿ ಇರಲಿಲ್ಲ. ಯಾರೂ ಫೋನ್ ಮಾಡಲಿಲ್ಲ. ಪತ್ರ ಬರಲಿಲ್ಲ. ಸುಮ್ನೆ ನಿಂತುಹೋಯಿತು. ಎರಡು ತಿಂಗಳಾದ ಮೇಲೆ ಮಾಲೀಕರು ನನ್ನ ಕೋಣೆಗೆ ಬಂದು, "ಆ ವಿಷಯ ಇನ್ನೂ ಎಷ್ಟು ದಿನ ಬರೆಯೋದಿದೆ?" ಅಂತ ಮೆತ್ತಗೆ ಕೇಳಿದರು. ಅವರು ಕೆಟ್ಟವರಲ್ಲ. ತಿಂಗಳ ಕೊನೆಗೆ ಅವರು ಸಂಬಳ ಕೊಡಬೇಕಿತ್ತು. ನಾಲ್ಕನೇ ಕಂತು ಹಾಕಿದೆವು. ಐದನೆಯದು ಬರಲೇ ಇಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಂದರೆ ಸರ್ಕಾರದ ದುಡ್ಡು ಈಗಾಗಲೇ ಸುದ್ದಿಮನೆಯ ಒಳಗಿದೆ. ಇರುವುದು ತೀರಾ ಕೆಟ್ಟ ರೂಪದಲ್ಲಿ, ಅಷ್ಟೇ. ಯಾರಿಗೆ ಕೊಡಬೇಕು, ಯಾರಿಗೆ ನಿಲ್ಲಿಸಬೇಕು ಅನ್ನುವುದು ಅಧಿಕಾರದಲ್ಲಿ ಇರುವವರ ಮರ್ಜಿ. ಇದು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಹಂಗೇರಿ ನೋಡಿ. ಅಲ್ಲಿ ಸರ್ಕಾರಿ ಜಾಹೀರಾತು ಬೇಕಾದವರಿಗೆ ಹರಿಯಿತು, ಬೇಡದವರು ಒಣಗಿದರು. 2018ರಲ್ಲಿ 400ಕ್ಕೂ ಹೆಚ್ಚು ಮಾಧ್ಯಮಗಳು ಸರ್ಕಾರದ ಪರವಾದ ಒಂದೇ ಪ್ರತಿಷ್ಠಾನದ ಕೆಳಗೆ ಬಂದವು. ಅರ್ಜೆಂಟೀನಾದಲ್ಲೂ ಜಾಹೀರಾತು ನಿಲ್ಲಿಸಿ ಪತ್ರಿಕೆಯನ್ನು ಶಿಕ್ಷಿಸಿದ್ದರು. ಅದು ತಪ್ಪು ಅಂತ 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಇನ್ನೊಂದು ಮಾತು. ವರದಿಗಾರ ಇಲ್ಲದ ಕಡೆ ಪುಟ ಖಾಲಿ ಬಿಡುವುದಿಲ್ಲ. ಇಲಾಖೆಯಿಂದ ಪ್ರೆಸ್ ನೋಟ್ ಬರುತ್ತದೆ, ಫೋಟೊ ಸಮೇತ. ನಾವು ತಲೆಬರಹ ಬದಲಿಸಿ ಹಾಕುತ್ತೇವೆ. ಅದನ್ನು ಬರೆದವರ ಸಂಬಳ ಸರ್ಕಾರದ್ದೇ ಅಲ್ವಾ? ಸುದ್ದಿಗೆ ಸರ್ಕಾರ ನೆರವು ಕೊಡದಿದ್ದರೆ ಸುದ್ದಿ ಸರ್ಕಾರದಿಂದ ದೂರ ಉಳಿಯುತ್ತದೆ ಅನ್ನುವ ಲೆಕ್ಕ ನಮ್ಮ ಡೆಸ್ಕ್‌ನಲ್ಲಿ ದಿನಾ ಸುಳ್ಳಾಗುತ್ತಿದೆ.

ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ದುಡ್ಡು ಕೊಡುವ ಕೈಯೇ ಪತ್ರಿಕೆಯನ್ನೂ ಆರಿಸುತ್ತಿದೆಯಾ? ಎರಡೂ ಕೈ ಬೇರೆ ಬೇರೆ ಇದ್ದ ಕಡೆ ನೆರವು ಕೆಲಸ ಮಾಡಿದೆ. ಇದು ಹೊಸ ವಿಚಾರವೂ ಅಲ್ಲ. 1792ರ ಅಮೆರಿಕದ ಅಂಚೆ ಕಾಯ್ದೆ ನೋಡಿ. ಪತ್ರಿಕೆಯನ್ನು ನೂರು ಮೈಲಿ ಸಾಗಿಸಲು ಒಂದು ಸೆಂಟ್, ಅದಕ್ಕಿಂತ ದೂರಕ್ಕೆ ಒಂದೂವರೆ ಸೆಂಟ್. ಅದೇ ಒಂದು ಕಾಗದ ಕಳಿಸಲು ದೂರ ನೋಡಿ 6ರಿಂದ 25 ಸೆಂಟ್ ಕೊಡಬೇಕಿತ್ತು. ಉಳಿದದ್ದನ್ನು ಅಂಚೆ ಇಲಾಖೆ ಹೊತ್ತುಕೊಂಡಿತು. ಸರ್ಕಾರವನ್ನು ಹೊಗಳುವ ಪತ್ರಿಕೆಗೂ ಅದೇ ದರ, ಬೈಯುವ ಪತ್ರಿಕೆಗೂ ಅದೇ ದರ.

ನಾರ್ವೆ, ಸ್ವೀಡನ್ 1969ರಿಂದ ಪತ್ರಿಕೆಗಳಿಗೆ ನೆರವು ಕೊಡುತ್ತಿವೆ. ನಾರ್ವೆಯಲ್ಲಿ ಹೆಚ್ಚು ನೆರವು ಹೋಗುವುದು ಊರಿನ ದೊಡ್ಡ ಪತ್ರಿಕೆಗಲ್ಲ. ಅದರ ಎದುರು ನಿಂತ ಎರಡನೇ ಪತ್ರಿಕೆಗೆ, ಪುಟ್ಟ ಸ್ಥಳೀಯ ಪತ್ರಿಕೆಗೆ. ಎಷ್ಟು ಅನ್ನುವುದನ್ನು ನಿಯಮ ಹೇಳುತ್ತದೆ, ಮಂತ್ರಿ ಹೇಳುವುದಿಲ್ಲ. ಎಡಪಂಥದ ಕ್ಲಾಸೆಕಾಂಪೆನ್‌ನಂಥ ಪತ್ರಿಕೆ, ಎಲ್ಲ ಸರ್ಕಾರಗಳನ್ನೂ ತರಾಟೆಗೆ ತೆಗೆದುಕೊಳ್ಳುತ್ತಲೇ ಈ ನೆರವಿನಿಂದ ಉಳಿದು ಬೆಳೆದಿದೆ. ಪತ್ರಿಕಾ ಸ್ವಾತಂತ್ರ್ಯದ ಜಾಗತಿಕ ಪಟ್ಟಿಯಲ್ಲಿ ನಾರ್ವೆ 2017ರಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ನೆರವಿನಿಂದಲೇ ಆ ಸ್ಥಾನ ಬಂತು ಅನ್ನಲಾರೆ. ಆದರೆ ನೆರವು ಪಡೆದರೆ ಬಾಯಿ ಕಟ್ಟಿಹೋಗುತ್ತದೆ ಅನ್ನುವವರು ನಾರ್ವೆಗೆ ಉತ್ತರ ಕೊಡಬೇಕಾಗುತ್ತದೆ.

ನಿಯಮ ಬರೆದರೆ ಮುಗಿಯಲಿಲ್ಲ, ಅದಕ್ಕೆ ಕಾವಲೂ ಬೇಕು. ಜರ್ಮನಿಯಲ್ಲಿ ಸಾರ್ವಜನಿಕ ರೇಡಿಯೊ-ಟಿವಿಗೆ ಪ್ರತಿ ಮನೆಯೂ ಶುಲ್ಕ ಕಟ್ಟುತ್ತದೆ. ಎಷ್ಟು ಬೇಕು ಅಂತ ಸ್ವತಂತ್ರ ಆಯೋಗವೊಂದು ಲೆಕ್ಕ ಹಾಕುತ್ತದೆ. ತಿಂಗಳಿಗೆ 17.50 ಯೂರೊ ಇದ್ದದ್ದು 2021ರ ಜನವರಿಯಿಂದ 18.36 ಆಗಬೇಕಿತ್ತು. ಸ್ಯಾಕ್ಸನಿ-ಆನ್‌ಹಾಲ್ಟ್ ಅನ್ನುವ ಒಂದೇ ರಾಜ್ಯ ಅಡ್ಡ ನಿಂತಿತು. 2021ರ ಆಗಸ್ಟ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಮಧ್ಯೆ ಬಂದು ಏರಿಕೆ ಜಾರಿ ಮಾಡಿಸಿತು. ಇಲ್ಲಿ ದೊಡ್ಡದು 86 ಸೆಂಟ್ ಅಲ್ಲ, ರಾಜಕಾರಣಿಗಳು ಮನಸ್ಸಿಗೆ ಬಂದಂತೆ ತಡೆಯಲಾಗದು ಅನ್ನುವ ಮಾತು. ಅಮೆರಿಕದಲ್ಲಿ ಅಂಥ ಕಾವಲಿರಲಿಲ್ಲ. 1967ರ ಕಾಯ್ದೆಯಿಂದ ಹುಟ್ಟಿದ ಸಾರ್ವಜನಿಕ ಪ್ರಸಾರದ ನಿಗಮಕ್ಕೆ ಸಂಸತ್ತು ಮೊದಲೇ ಒಪ್ಪಿದ್ದ ಸುಮಾರು 110 ಕೋಟಿ ಡಾಲರನ್ನು 2025ರಲ್ಲಿ ಅದೇ ಸಂಸತ್ತು ವಾಪಸ್ ತೆಗೆದುಕೊಂಡಿತು. ಆ ನಿಗಮ ಬಾಗಿಲು ಮುಚ್ಚಬೇಕಾಯಿತು.

ಟೆಕ್ ಕಂಪನಿಗಳಿಂದಲೇ ವಸೂಲಿ ಮಾಡೋಣ ಅನ್ನುವ ದಾರಿಯೂ ಇದೆ. ನನಗೆ ಅದರ ಮೇಲೆ ಅಷ್ಟು ಭರವಸೆ ಇಲ್ಲ. ಕೆನಡಾ 2023ರಲ್ಲಿ ಅಂಥ ಕಾನೂನು ತಂದಾಗ ಮೆಟಾ ಅಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಂದ ಸುದ್ದಿಯನ್ನೇ ತೆಗೆದುಹಾಕಿತು. ಆ ವರ್ಷದ ಆಗಸ್ಟ್‌ನಲ್ಲಿ ಕಾಡ್ಗಿಚ್ಚಿಗೆ ಯೆಲ್ಲೊನೈಫ್ ನಗರ ಖಾಲಿಯಾಗುತ್ತಿತ್ತು. ಬೆಂಕಿ ಎಲ್ಲಿಗೆ ಬಂದಿದೆ ಅನ್ನುವ ಸುದ್ದಿಯ ಲಿಂಕನ್ನು ಜನ ಒಬ್ಬರಿಗೊಬ್ಬರು ಅಲ್ಲಿ ಹಂಚಿಕೊಳ್ಳಲಾಗಲಿಲ್ಲ.

ನನಗೆ ಇಷ್ಟವಾದ ಮಾದರಿ ಬ್ರಿಟನ್‌ನದು. ಬಿಬಿಸಿ ತನಗೆ ಜನ ಕಟ್ಟುವ ಟಿವಿ ಶುಲ್ಕದ ಹಣದಿಂದ ಸುಮಾರು 165 ವರದಿಗಾರರ ಸಂಬಳ ಭರಿಸುತ್ತದೆ. ಅವರು ಬಿಬಿಸಿ ನೌಕರರಲ್ಲ, ಕೆಲಸ ಮಾಡುವುದು ಸ್ಥಳೀಯ ಸುದ್ದಿಸಂಸ್ಥೆಗಳಲ್ಲಿ. ಅವರ ಕೆಲಸ ಸ್ಥಳೀಯ ಆಡಳಿತದ ಸಭೆಗಳಿಗೆ ಹೋಗುವುದು, ಕಡತ ಓದುವುದು, ಬರೆಯುವುದು. ಬರೆದದ್ದನ್ನು ಯೋಜನೆಯಲ್ಲಿರುವ ಎಲ್ಲ ಸಂಸ್ಥೆಗಳೂ ಬಳಸಬಹುದು. ಇದರಲ್ಲೂ ಹುಳುಕಿದೆ. ಶುರುವಿನಲ್ಲಿ ಹೆಚ್ಚಿನ ಗುತ್ತಿಗೆ ಮೂರೇ ದೊಡ್ಡ ಕಂಪನಿಗಳ ಪಾಲಾಯಿತು. ಆದರೂ ದುಡ್ಡು ಮಾಲೀಕರ ಲಾಭಕ್ಕೆ ಸೇರದೆ, ಸಭೆಯಲ್ಲಿ ಕೂರುವ ಮನುಷ್ಯನ ಸಂಬಳವಾಗುತ್ತದೆ. ಕೆನಡಾದ ತೆರಿಗೆ ರಿಯಾಯಿತಿಯೂ ಸಂಬಳದ ಮೇಲೇ ನಿಂತಿದೆ. ಸುದ್ದಿಮನೆ ನೌಕರರಿಗೆ ಕೊಟ್ಟ ಸಂಬಳದಲ್ಲಿ ಒಂದು ಪಾಲು ಪತ್ರಿಕೆಗೆ ವಾಪಸ್ ಸಿಗುತ್ತದೆ. ಸರ್ಕಾರದ ಪರ ಬರೆದರೋ ವಿರುದ್ಧ ಬರೆದರೋ ಅಂತ ತೂಗುವುದಿಲ್ಲ.

ನಾಳೆ ಯಾವುದೇ ಸರ್ಕಾರ ಇಂಥ ಯೋಜನೆ ತಂದರೆ ನಾನು ಮೊದಲು ನೋಡುವುದು ಹಾಜರಿ ಪುಸ್ತಕ ಮತ್ತು ಸಂಬಳದ ಪಟ್ಟಿಯನ್ನು. ಹೋದ ವರ್ಷ ಎಷ್ಟು ವರದಿಗಾರರಿದ್ದರು, ಈ ವರ್ಷ ಎಷ್ಟಿದ್ದಾರೆ? ಆಮೇಲೆ, ಯಾರಿಗೆ ಎಷ್ಟು ಸಿಕ್ಕಿತು ಅನ್ನುವುದು ಆಯಾ ಪತ್ರಿಕೆಯಲ್ಲೇ, ಓದುಗರ ಕಣ್ಣಿಗೆ ಬೀಳುವ ಜಾಗದಲ್ಲಿ ಅಚ್ಚಾಗಬೇಕು. ನ್ಯೂಜಿಲೆಂಡ್‌ನಲ್ಲಿ ಸುದ್ದಿಸಂಸ್ಥೆಗಳಿಗೆ ಅಲ್ಲಿನ 5.5 ಕೋಟಿ ಡಾಲರ್‌ನ ಸರ್ಕಾರಿ ನಿಧಿ ಬಂದಾಗ ಅದರ ಷರತ್ತುಗಳನ್ನು ಹಿಡಿದು, ಮಾಧ್ಯಮ ಮಾರಾಟವಾಗಿದೆ ಅನ್ನುವ ಮಾತು ಹಬ್ಬಿತು. ಒಳ್ಳೆಯ ಕೆಲಸ ಮಾಡಿದ ವರದಿಗಾರರೂ ಆ ಮಾತು ಕೇಳಬೇಕಾಯಿತು. ನಮ್ಮ ಡೆಸ್ಕ್‌ನ ಹುಡುಗರಿಗೆ ಆ ಗತಿ ಬರುವುದು ನನಗೆ ಬೇಡ. ಮುಖಪುಟದಲ್ಲೇ ಒಂದು ಚೌಕ ಕೊಡುತ್ತೇನೆ. ಜಾಗ ಹೇಗೂ ಇದೆ.