ಯಾರು ಯಾರಿಗೆ ಎಷ್ಟು ಕೊಡಬೇಕು?

ಸ್ನೇಹಿತರ ನಡುವೆ ಖರ್ಚು ಹಂಚುವ ಆ್ಯಪ್ ಎಂದರೆ ಬರೀ ಭಾಗಾಕಾರ ತಾನೇ ಎಂದು ಹೊಸದಾಗಿ ತಂಡ ಸೇರಿದ ಪ್ರೋಗ್ರಾಮರ್‌ಗಳು ಕೇಳುವುದುಂಟು. ಭಾಗಾಕಾರ ನಿಜಕ್ಕೂ ಸುಲಭ. ಬಂದ ಉತ್ತರವನ್ನು ನಾಲ್ಕು ಜನ ತಕರಾರಿಲ್ಲದೆ ಒಪ್ಪುವಂತೆ ತೋರಿಸುವುದರಲ್ಲೇ ಹೆಚ್ಚಿನ ಶ್ರಮವಿದೆ.

ಚಿಕ್ಕಮಗಳೂರಿಗೆ ಹೋಗಿಬಂದ ನಾಲ್ವರನ್ನು ಊಹಿಸಿಕೊಳ್ಳಿ. ಹೋಂಸ್ಟೇಗೆ 6,000 ರೂಪಾಯಿಯನ್ನು ಅನಿಲ್, ಪೆಟ್ರೋಲಿಗೆ 2,400 ರೂಪಾಯಿಯನ್ನು ಬಸವರಾಜ್, ಊಟ-ತಿಂಡಿಗೆ 1,600 ರೂಪಾಯಿಯನ್ನು ಚೈತ್ರಾ ಕೊಟ್ಟಿದ್ದಾರೆ. ದಿವ್ಯಾ ಇನ್ನೂ ಏನನ್ನೂ ಕೊಟ್ಟಿಲ್ಲ. ಒಂದೊಂದು ಖರ್ಚನ್ನೂ ಬಿಡಿಯಾಗಿ ಹಂಚಿದರೆ, ಇಬ್ಬಿಬ್ಬರ ನಡುವಿನ ಬಾಕಿಯನ್ನು ವಜಾ ಮಾಡಿದ ಮೇಲೂ ಆರು ಪಾವತಿಗಳು ಉಳಿಯುತ್ತವೆ. ಅದರ ಬದಲು ತಲಾ 2,500 ಎಂದು ಹಿಡಿದು ಪ್ರತಿಯೊಬ್ಬರ ನಿವ್ವಳ ಬಾಕಿ ತೆಗೆದರೆ ಬಸವರಾಜ್ 100, ಚೈತ್ರಾ 900, ದಿವ್ಯಾ 2,500 ರೂಪಾಯಿಯನ್ನು ಅನಿಲ್‌ಗೆ ಕೊಟ್ಟಲ್ಲಿಗೆ ಲೆಕ್ಕ ಚುಕ್ತಾ. ಗುಂಪು ಎಷ್ಟೇ ದೊಡ್ಡದಿದ್ದರೂ ಈ ವಿಧಾನದಲ್ಲಿ ಪಾವತಿಗಳ ಸಂಖ್ಯೆ ಜನರ ಸಂಖ್ಯೆಗಿಂತ ಒಂದಾದರೂ ಕಡಿಮೆ ಇರುವಂತೆ ನೋಡಿಕೊಳ್ಳಬಹುದು. ಅತಿ ಕಡಿಮೆ ಎಷ್ಟೆಂದು ಹುಡುಕುವುದು ಗಣಕ ವಿಜ್ಞಾನದ ಕಠಿಣ ಸಮಸ್ಯೆಗಳಲ್ಲೊಂದು. ಪ್ರವಾಸದ ಲೆಕ್ಕಕ್ಕೆ ಅದರ ಗೋಜು ಬೇಕಿಲ್ಲ.

ತಕರಾರು ಹುಟ್ಟುವುದು ದಿವ್ಯಾಳ ಫೋನಿನಲ್ಲಿ. "ಪೆಟ್ರೋಲ್ ಹಾಕಿಸಿದ್ದು ಬಸವರಾಜ್, ನನ್ನ ಪಾಲಿನ 600 ರೂಪಾಯಿ ಅನಿಲ್‌ಗೆ ಯಾಕೆ?" ಎಂಬ ಆಕೆಯ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಬಾಕಿಗಳನ್ನು ಹೀಗೆ ಕೂಡಿಸುವ ಸೌಲಭ್ಯ ಗುಂಪಿನವರು ಒಪ್ಪಿದ ಮೇಲಷ್ಟೇ ಚಾಲೂ ಆಗಬೇಕು, ಮತ್ತು 2,500ರ ಮೇಲೆ ಒತ್ತಿದ ಕೂಡಲೇ ಅದು 1,500, 600, 400 ಎಂದು ಯಾವ ಯಾವ ಖರ್ಚಿನಿಂದ ಬಂದಿದೆಯೆಂದು ಕಾಣಬೇಕು ಎಂಬುದು ನನ್ನ ನಿಲುವು. ಇದು ಸಾಧ್ಯವಾಗಬೇಕಾದರೆ ಡೇಟಾಬೇಸಿನಲ್ಲಿ ಬಾಕಿಯ ಅಂಕಿಯನ್ನಷ್ಟೇ ಇಟ್ಟುಕೊಂಡರೆ ಸಾಲದು. ಖರ್ಚುಗಳೇ ಮೂಲ ದಾಖಲೆಯಾಗಿದ್ದು, ಬಾಕಿಯನ್ನು ಅವುಗಳಿಂದ ಲೆಕ್ಕ ಹಾಕಿ ತೆಗೆಯುವಂತಿರಬೇಕು. ತಪ್ಪಾಗಿ ಬರೆದ ಖರ್ಚನ್ನೂ ಅಳಿಸದೆ, ಯಾರು ಯಾವಾಗ ತಿದ್ದಿದರೆಂಬ ಗುರುತು ಉಳಿಯುವಂತೆ ಎದುರು ನಮೂದಿನಿಂದ, ಅಂದರೆ ಅಷ್ಟೇ ಮೊತ್ತವನ್ನು ಕಳೆಯುವ ಇನ್ನೊಂದು ನಮೂದಿನಿಂದ, ರದ್ದು ಮಾಡುವುದು ಲೆಕ್ಕಪತ್ರದವರ ಹಳೆಯ, ಸರಿಯಾದ ಕ್ರಮ.

ಮೊತ್ತವನ್ನು ದಶಮಾಂಶದ ರೂಪಾಯಿಯಲ್ಲಿ ಅಲ್ಲ, ಪೂರ್ಣಾಂಕದ ಪೈಸೆಯಲ್ಲಿ ಇಡಬೇಕು, ಏಕೆಂದರೆ 0.10ರಂಥ ಸರಳ ಸಂಖ್ಯೆಯೂ 0 ಮತ್ತು 1 ಮಾತ್ರ ಬಳಸುವ ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಕೂರುವುದಿಲ್ಲ. ಆಗಲೂ 1,000 ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 333.33 ಆಗಿ ಒಂದು ಪೈಸೆ ಉಳಿಯುತ್ತದೆ. ಅದನ್ನು ಪಟ್ಟಿಯ ಮೊದಲ ಹೆಸರಿಗೆ ಸೇರಿಸುವ ಆ್ಯಪ್‌ನಲ್ಲಿ ಆ ನತದೃಷ್ಟನೇ ಪ್ರತಿ ಸಲವೂ ಹೊರುತ್ತಾನೆ. ಹಣ ಕೊಟ್ಟವರ ಪಾಲಿಗೆ ಸೇರಿಸಿದರೆ ಯಾರೂ ಕೇಳುವುದಿಲ್ಲ.

ಘಟ್ಟದಲ್ಲಿ ನೆಟ್‌ವರ್ಕ್ ಸಿಗದೆ ಫೋನ್ ಮತ್ತೆ ಕಳಿಸಿದಾಗ ಒಂದೇ ಖರ್ಚು ಎರಡು ಬಾರಿ ಸರ್ವರ್ ತಲುಪುವುದುಂಟು. ಪ್ರತಿ ನಮೂದಿಗೂ ಫೋನಿನಲ್ಲೇ ವಿಶಿಷ್ಟ ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಕಡೆಗಣಿಸುವಂತೆ ಮಾಡಿದರೆ ಆ ತೊಂದರೆ ತಪ್ಪುತ್ತದೆ.

2016ರಲ್ಲಿ ಯುಪಿಐ ಬಂದ ಮೇಲೆ, ಮೊತ್ತ ತುಂಬಿದ ಲಿಂಕ್ ಒತ್ತಿ ಬಾಕಿ ತೀರಿಸುವುದು ಸಾಧ್ಯವಾಗಿದೆ. ಆದರೆ ಪಾವತಿಯ ಆ್ಯಪ್ ತೆರೆದುಕೊಂಡ ಮಾತ್ರಕ್ಕೆ ಹಣ ತಲುಪಿತೆಂದು ಬರೆದುಕೊಳ್ಳಬಾರದು. ಕೊಟ್ಟವರು "ಕೊಟ್ಟಿದ್ದೇನೆ" ಎಂದೂ ಪಡೆದವರು "ಬಂದಿದೆ" ಎಂದೂ ಒತ್ತಿದ ಮೇಲೆಯೇ ಬಾಕಿ ತೀರಬೇಕು. ನಗದಿನಲ್ಲಿ ಕೊಟ್ಟವರಿಗೂ ಇದೇ ಕ್ರಮ ಸಾಕಾಗುತ್ತದೆ.